ಅಕ್ಷರ ಎಲ್‌ಸಿಡಿಯ ನಿಯಂತ್ರಣ

ಅಕ್ಷರ ಎಲ್‌ಸಿಡಿ ಎಂಬುದು ಅಕ್ಷರ, ಅಂಕಿ ಮತ್ತು ಚಿಹ್ನೆಗಳನ್ನು ನಿಗದಿತ ಮನೆಗಳಲ್ಲಿ ಮಾತ್ರ ಮೂಡಿಸುವ ಚಿಕ್ಕ ದ್ರವ ಸ್ಫಟಿಕ ಪರದೆ. ಸಾಲಿಗೆ 16 ಅಕ್ಷರಗಳಂತೆ ಎರಡು ಸಾಲುಗಳಿರುವ ಮಾದರಿ ಹೆಚ್ಚು ಬಳಕೆಯಲ್ಲಿದ್ದು, ಅದರ ಪ್ರತಿ ಮನೆಯಲ್ಲೂ ಅಡ್ಡಕ್ಕೆ 5, ಉದ್ದಕ್ಕೆ 8 ಚುಕ್ಕೆಗಳಿರುತ್ತವೆ. ಈ ಚುಕ್ಕೆಗಳನ್ನು ಬೆಳಗಿಸುವ, ಆರಿಸುವ ಕೆಲಸ ಪರದೆಯ ಹಿಂಬದಿಯ ನಿಯಂತ್ರಕ ಚಿಪ್‌ನದು. ಜಪಾನಿನ ಹಿಟಾಚಿ ಸಂಸ್ಥೆಯ ಎಚ್‌ಡಿ 44780 ಚಿಪ್‌ನ ಆದೇಶಗಳನ್ನೇ ಇತರ ತಯಾರಕರೂ ಅನುಸರಿಸಿದ್ದರಿಂದ ಒಂದೇ ಪ್ರೋಗ್ರಾಮ್ ಹಲವು ಪರದೆಗಳಿಗೆ ಹೊಂದುತ್ತದೆ.

ಮೈಕ್ರೋಕಂಟ್ರೋಲರ್‌ನಿಂದ ಬರುವ ಬೈಟ್ ಆದೇಶವೋ ಅಕ್ಷರವೋ ಎಂಬುದನ್ನು ಆರ್‌ಎಸ್ ಪಿನ್ ಸೂಚಿಸಿದರೆ, ಇ ಪಿನ್ನಿನ ವೋಲ್ಟೇಜ್ ಮೇಲಿನಿಂದ ಕೆಳಕ್ಕಿಳಿಯುವ ಕ್ಷಣದಲ್ಲಿ ಆ ಬೈಟನ್ನು ಚಿಪ್ ಒಳಗೆ ತೆಗೆದುಕೊಳ್ಳುತ್ತದೆ. ದತ್ತಾಂಶಕ್ಕೆ ಎಂಟು ತಂತಿಗಳಿದ್ದರೂ, ಪಿನ್‌ಗಳನ್ನು ಉಳಿಸಲು ನಾಲ್ಕನ್ನೇ ಬಳಸಿ, ಬೈಟಿನ ಮೇಲಿನ ನಾಲ್ಕು ಬಿಟ್‌ಗಳನ್ನು ಮೊದಲು, ಕೆಳಗಿನವನ್ನು ಅನಂತರ ಕಳುಹಿಸುವ ರೂಢಿಯೂ ಇದೆ.

ಪ್ರೋಗ್ರಾಮ್ ಅಕ್ಷರವನ್ನು ಚಿತ್ರಿಸುವುದಿಲ್ಲ, ಅದರ ಸಂಕೇತವನ್ನು ಚಿಪ್‌ನ 80 ಬೈಟ್‌ಗಳ ಪ್ರದರ್ಶನ ಸ್ಮೃತಿಯಲ್ಲಿ ಬರೆಯುತ್ತದೆ. ಈ ಸ್ಮೃತಿಯಲ್ಲಿ ಸಾಲೊಂದಕ್ಕೆ 40 ಸ್ಥಾನಗಳಿರುವುದರಿಂದ, ಮೊದಲ ಸಾಲಿನ 17ನೆಯ ಅಕ್ಷರ ಸ್ಮೃತಿಯಲ್ಲಿ ಸೇರಿದರೂ ಎರಡನೆಯ ಸಾಲಿಗೆ ಇಳಿಯದೆ ಕಣ್ಣಿಗೆ ಮರೆಯಾಗಿರುತ್ತದೆ. ಎರಡನೆಯ ಸಾಲಿನ ವಿಳಾಸ 64ರಿಂದ ಆರಂಭವಾಗುತ್ತದೆ. ವಿಳಾಸ ನಿಗದಿಯ ಆದೇಶಕ್ಕೆ 128ನ್ನು ಕೂಡಿಸಬೇಕಾದ್ದರಿಂದ ಅಲ್ಲಿಗೆ ಹೋಗಲು 192 ಎಂಬ ಬೈಟನ್ನು ಕಳುಹಿಸಬೇಕು.

ಸಮಯಪಾಲನೆ ಈ ನಿಯಂತ್ರಣದ ಜೀವಾಳ. ವಿದ್ಯುತ್ ಬಂದ ಬಳಿಕ ಕನಿಷ್ಠ 40 ಮಿಲಿಸೆಕೆಂಡು ಕಾದು, ನಿಗದಿತ ಅಂತರಗಳಲ್ಲಿ ಎಂಟು ಬಿಟ್ ವಿಧಾನದ ಆದೇಶವನ್ನು ಮೂರು ಬಾರಿ ಕೊಟ್ಟರೆ ಚಿಪ್ ಯಾವ ಸ್ಥಿತಿಯಲ್ಲಿದ್ದರೂ ಹಾದಿಗೆ ಬರುತ್ತದೆ. ಬಹುತೇಕ ಆದೇಶಗಳು 37 ಮೈಕ್ರೋಸೆಕೆಂಡಿನಲ್ಲಿ ಮುಗಿದರೆ, ಕರ್ಸರನ್ನು ಮೊದಲ ಸ್ಥಾನಕ್ಕೆ ಮರಳಿಸುವ ಆದೇಶ 1.52 ಮಿಲಿಸೆಕೆಂಡು ಹಿಡಿಯುತ್ತದೆ, ಪರದೆ ಒರೆಸುವ ಆದೇಶಕ್ಕೂ ಹೆಚ್ಚು ಹೊತ್ತು ಬೇಕು. ಕಾಯದೆ ಮುಂದಿನ ಬೈಟ್ ಕಳುಹಿಸಿದರೆ ಅದು ಕಳೆದುಹೋಗಬಹುದು. ಆರ್ಡುಯಿನೊದ ಲಿಕ್ವಿಡ್‌ಕ್ರಿಸ್ಟಲ್ ಲೈಬ್ರರಿ ಈ ಕಾಯುವಿಕೆಯನ್ನು ತಾನೇ ನಿಭಾಯಿಸುತ್ತದೆ.

ಚಿಪ್‌ನ ಸ್ಥಿರ ಸ್ಮೃತಿಯಲ್ಲಿ ರೋಮನ್ ಲಿಪಿಯ ಜೊತೆಗೆ, ಆವೃತ್ತಿಗೆ ತಕ್ಕಂತೆ, ಜಪಾನಿನ ಕಟಕಾನ ಅಥವಾ ಯುರೋಪಿನ ಅಕ್ಷರಗಳಿದ್ದು ಕನ್ನಡಕ್ಕೆ ಎಡೆಯಿಲ್ಲ. ಬಳಕೆದಾರರು ತಾವೇ ವಿನ್ಯಾಸಗೊಳಿಸಿದ ಎಂಟು ಅಕ್ಷರಗಳನ್ನು 64 ಬೈಟ್‌ಗಳ ಪ್ರತ್ಯೇಕ ಸ್ಮೃತಿಯಲ್ಲಿ ತುಂಬಬಹುದಾದ್ದರಿಂದ ಚಿಕ್ಕ ಕನ್ನಡ ಪದವೊಂದನ್ನು ತೋರಿಸಲು ಸಾಧ್ಯ. ಆದರೆ ಆ ಎಂಟರಲ್ಲಿ ಒಂದರ ವಿನ್ಯಾಸ ಬದಲಿಸಿದೊಡನೆ ಪರದೆಯಲ್ಲಿ ಅದು ಇರುವ ಕಡೆಯಲ್ಲೆಲ್ಲ ರೂಪ ಬದಲಾಗುತ್ತದೆ. ಒತ್ತಕ್ಷರ ಮತ್ತು ದೀರ್ಘಗಳಿಗೆ 5 ಚುಕ್ಕೆಗಳ ಅಗಲ ಸಾಲುವುದೂ ಇಲ್ಲ. ಹೀಗಾಗಿ ಕನ್ನಡದ ಪೂರ್ಣ ವಾಕ್ಯಗಳಿಗೆ ಪ್ರತಿ ಚುಕ್ಕೆಯನ್ನೂ ಬೇರೆಯಾಗಿ ನಿಯಂತ್ರಿಸಬಲ್ಲ ಗ್ರಾಫಿಕ್ ಎಲ್‌ಸಿಡಿಯೇ ಸೂಕ್ತ.