ಓಪಿಡಿ ಚೀಟಿಗೆ ಸರಿಯಾದ ಮೊಬೈಲ್ ನಂಬರ್ ಯಾಕೆ ಕೊಡಬೇಕು?

ಸರ್ಕಾರಿ ಆಸ್ಪತ್ರೆಯಲ್ಲಿ ಓಪಿಡಿ ಚೀಟಿ ಮಾಡಿಸುವಾಗ ಮೊಬೈಲ್ ನಂಬರ್ ಕೇಳ್ತಾರೆ. ಅವಸರದಲ್ಲಿ ಎಷ್ಟೋ ಜನ ಹಳೇ ನಂಬರೋ, ಪಕ್ಕದ ಮನೆಯವರ ನಂಬರೋ ಹೇಳಿ ಮುಂದೆ ಹೋಗ್ತಾರೆ. ಚಿಕಿತ್ಸೆ ಹೇಗಿತ್ತು ಅಂತ ಕೇಳುವ ಮೆಸೇಜ್ ಬರುವುದು ಇದೇ ನಂಬರಿಗೆ.

ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ‘ಮೇರಾ ಅಸ್ಪತಾಲ್’, ಅಂದರೆ ‘ನನ್ನ ಆಸ್ಪತ್ರೆ’ ಎಂಬ ವ್ಯವಸ್ಥೆ ಶುರು ಮಾಡಿತು. ಇದಕ್ಕೆ ಸೇರಿರುವ ಆಸ್ಪತ್ರೆಗೆ ಹೋಗಿಬಂದವರಿಗೆ ಎಸ್ಸೆಮ್ಮೆಸ್ ಇಲ್ಲವೇ ಕರೆ ಬರುತ್ತದೆ. ಆ್ಯಪ್, ವೆಬ್‌ಸೈಟ್‌ನಲ್ಲೂ ಅಭಿಪ್ರಾಯ ಹೇಳಬಹುದು. ತೃಪ್ತಿ ಇಲ್ಲ ಎಂದರೆ ಕಾರಣ ಕೇಳುತ್ತಾರೆ: ಸಿಬ್ಬಂದಿ ವರ್ತನೆ, ಸ್ವಚ್ಛತೆ, ಖರ್ಚು, ಚಿಕಿತ್ಸೆಯ ಗುಣಮಟ್ಟ, ಇತರೆ. ಹೊರಗಡೆ ಮೆಡಿಕಲ್‌ಗೆ ಬರೆದುಕೊಟ್ಟ ಮಾತ್ರೆಯ ಬಿಲ್ಲು ಜಾಸ್ತಿ ಆಗಿದ್ದರೆ ಅದನ್ನು ಖರ್ಚು ಅಂತಲೇ ಹೇಳಬಹುದು. ಗೇಟಿನ ಎದುರು ಟೀ ಅಂಗಡಿಯಲ್ಲಿ ನಿಂತು ಬೈದರೆ ಅದು ಯಾವ ಲೆಕ್ಕಕ್ಕೂ ಸೇರಲ್ಲ.

ಮೆಸೇಜ್ ಬರಲಿಲ್ಲವೇ? ರಾಜ್ಯದ ಆರೋಗ್ಯವಾಣಿ 104ಕ್ಕೆ ಕರೆ ಮಾಡಿ ದೂರು ಕೊಡಬಹುದು. ಓಪಿಡಿ ಚೀಟಿ ಬಿಸಾಕಬೇಡಿ, ಹೋದ ದಿನಾಂಕ ಅದರಲ್ಲೇ ಇರುತ್ತೆ.

ಅಂಗಡಿ ಬಿಟ್ಟು ಬಂದು ಸಾಲಲ್ಲಿ ನಿಲ್ಲೋರಿಗೆ ಇನ್ನೊಂದು ದಾರಿ: 2022ರಿಂದ ಕೆಲವು ಆಸ್ಪತ್ರೆಗಳಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮೊಬೈಲ್‌ಗೇ ಟೋಕನ್ ಬರುತ್ತದೆ. ಇದಕ್ಕೆ ಆಭಾ ಖಾತೆ ಬೇಕು. ಇದರಿಂದ ಉಳಿಯುವುದು ಚೀಟಿ ಸಾಲಿನ ಹೊತ್ತು ಮಾತ್ರ, ಡಾಕ್ಟ್ರ ಬಾಗಿಲಲ್ಲಿ ಕಾಯೋದು ತಪ್ಪಲ್ಲ.