3ನೇ ಕ್ರಾಸ್ ಅಂದ್ರೆ ಯಾವ 3ನೇ ಕ್ರಾಸ್?

ಫೈಲ್ ಹುಡುಕೋ ಇತಿಹಾಸ | ಭಾಗ 3 📂

ಅಟ್ಟೂರು ಲೇಔಟ್ ಒಳಗೆ ನಿಂತು ಆಟೋ ಅಣ್ಣಂಗೆ "3ನೇ ಕ್ರಾಸ್" ಅಂದ್ರೆ ಸಾಕು. ಅದನ್ನೇ ಹೆಬ್ಬಾಳದಲ್ಲಿ ಹೇಳಿದ್ರೆ "ಯಾವ ಲೇಔಟ್ದು?" ಅಂತಾರೆ. ಎಲ್ಲಿಂದ ಶುರು ಅಂತ ಗೊತ್ತಿಲ್ಲದಿದ್ರೆ ಅದು ವಿಳಾಸವೇ ಅಲ್ಲ.

ಕಂಪ್ಯೂಟರ್‌ನಲ್ಲೂ ಅಷ್ಟೇ. ಎಲ್ಲ ಫೋಲ್ಡರ್‌ಗಳ ಬುಡ ರೂಟ್ ಡೈರೆಕ್ಟರಿ. ನಾವು ಸದ್ಯ ನಿಂತಿರೋದು ವರ್ಕಿಂಗ್ ಡೈರೆಕ್ಟರಿ. 1965ರಲ್ಲಿ ಮಲ್ಟಿಕ್ಸ್ ಸಿಸ್ಟಮ್ ಬಗ್ಗೆ ಡೇಲಿ ಮತ್ತು ನ್ಯೂಮನ್ ಬರೆದ ಲೇಖನದಲ್ಲೇ ಇವೆರಡೂ ಇವೆ. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಶುರುವಾದ ಯೂನಿಕ್ಸ್ ಇದನ್ನೇ ಮುಂದುವರಿಸಿತು. ಅಲ್ಲಿ ರೂಟ್ ಅಂದ್ರೆ ಬರೀ ಒಂದು ಓರೆಗೆರೆ. ವಿಳಾಸ ಓರೆಗೆರೆಯಿಂದ ಶುರುವಾದ್ರೆ ರೂಟ್‌ನಿಂದ ಹುಡುಕುತ್ತೆ, ಇಲ್ಲಾಂದ್ರೆ ನಿಂತ ಜಾಗದಿಂದ. ಆ ಜಾಗ ಯಾವುದು ಅಂತ ಹೇಳೋ ಕಮಾಂಡ್ 'ಪಿಡಬ್ಲ್ಯುಡಿ' (ರಸ್ತೆ ಮಾಡೋ ಇಲಾಖೆ ಅಲ್ಲ 😄).

ನಮ್ಮ ಶಾಸನಗಳಿಗೆ ಈ ಪ್ರಶ್ನೆ ಇನ್ನೂ ಮೊದಲೇ ಬಂದಿತ್ತು.

ಬೆಂಗಳೂರಲ್ಲೇ ಹುಟ್ಟಿದ ಬಿ. ಎಲ್. ರೈಸ್ ಸಾವಿರಾರು ಶಾಸನ ಸೇರಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ತಂದರು. ಮೊದಲನೆಯದು 1886ರ ಕೊಡಗು ಸಂಪುಟ. ಸಂಪುಟದೊಳಗೆ ತಾಲೂಕು, ತಾಲೂಕಿನೊಳಗೆ ನಂಬರ್. ಪ್ರತಿ ತಾಲೂಕಿಗೂ ನಂಬರ್ ಮತ್ತೆ 1ರಿಂದ ಶುರು. ಹಾಗಾಗಿ ಬರೀ "ಶಾಸನ 12" ಅಂದ್ರೆ "3ನೇ ಕ್ರಾಸ್" ಅಂದಂಗೆ.

1905ರ 9ನೇ ಸಂಪುಟ ಬೆಂಗಳೂರು ಜಿಲ್ಲೆಯದು. ಅದರ ತಾಲೂಕು ಪಟ್ಟಿಯಲ್ಲಿ ಯಲಹಂಕ ಹುಡುಕಿದ್ರೆ ಸಿಗಲ್ಲ. ಈಗಿನ ತಾಲೂಕಲ್ಲ, ಆಗಿನ ತಾಲೂಕು ಹಿಡಿದು ಹೋಗಬೇಕು.

1972ರಿಂದ ಮೈಸೂರು ವಿಶ್ವವಿದ್ಯಾಲಯ ಪರಿಷ್ಕೃತ ಸಂಪುಟಗಳನ್ನ ತಂತು. ಸಂಪುಟಗಳ ಹಂಚಿಕೆನೇ ಬದಲಾಯ್ತು. ಹೊಸ ಸರಣಿಯ 9ನೇ ಸಂಪುಟ ಬೇಲೂರಿಂದು! ಅಡಿಟಿಪ್ಪಣಿಯಲ್ಲಿ "ಸಂಪುಟ 9" ಅಂತಷ್ಟೇ ಇದ್ರೆ ಬೆಂಗಳೂರಿಗೆ ಹೊರಟವನು ಬೇಲೂರಲ್ಲಿ ಇಳಿದಂಗೆ. ಎರಡರದ್ದೂ ವಿಳಾಸ ಒಂದೇ, ರೂಟ್ ಬೇರೆ. ಅದಕ್ಕೇ ತಿಳಿದವರು "ಪರಿಷ್ಕೃತ" ಅಂತ ಗುರುತು ಹಾಕ್ತಾರೆ.

ಇದು ಸಣ್ಣ ವಿಷಯ ಅಲ್ಲ. ರಸ್ತೆ ಅಗಲ ಮಾಡುವಾಗ ಕಲ್ಲು ಹೋದ್ರೆ ಆ ಊರಿಗೆ ಉಳಿಯೋದು ಪುಸ್ತಕದ ಆ ಒಂದು ಪುಟ. ದಾರಿ ತಪ್ಪಿದ್ರೆ ಪುಟ ಇದ್ದೂ ಇಲ್ಲದಂಗೆ.

ಪ್ರಾಜೆಕ್ಟ್ ಫೈಲ್‌ಗೂ ಇದೇ ಮಾತು. ಒಂದು ಫೋಲ್ಡರ್‌ನಲ್ಲಿ ನಿಂತು ಹುಡುಕಿದ್ರೆ ಅದರ ಒಳಗಿಂದು ಮಾತ್ರ ಸಿಗುತ್ತೆ, ಪಕ್ಕದ್ದು ಸಿಗಲ್ಲ. "ಫೈಲೇ ಇಲ್ಲ" ಅನ್ನೋ ಮೊದಲು ಎಲ್ಲಿ ನಿಂತು ಹುಡುಕ್ತಿದೀನಿ ಅಂತ ನೋಡಿ.

ನಿಮ್ಮೂರಿನ ಶಾಸನ ಯಾವ ತಾಲೂಕಲ್ಲಿ, ಎಷ್ಟನೇ ನಂಬರ್? ಹುಡುಕಿ, ಕಾಮೆಂಟ್ ಮಾಡಿ 👇 ಯಾವ ಸರಣಿ ಅಂತಾನೂ ಬರೀರಿ!

#ಅಟ್ಟೂರು #ಯಲಹಂಕ #ಶಾಸನ #ಕನ್ನಡದಲ್ಲಿಟೆಕ್