ಒಂದು ಚೈನು, 33 ಗೇಟು ಮತ್ತು ಸಿದ್ದಾಪುರದ ಎರಡನೇ ಬೆಳೆ

ಇವತ್ತಿನ ಕಂತಿನಲ್ಲಿ ರಾಜ ಇಲ್ಲ, ಯುದ್ಧ ಇಲ್ಲ. ಒಂದು ಕಬ್ಬಿಣದ ಬಾಗಿಲು ಇದೆ, ಅದನ್ನ ಎತ್ತೋ ಒಂದು ಚೈನು ಇದೆ. ಆದ್ರೆ ನಮ್ಮ ಸಿದ್ದಾಪುರ ಭಾಗದ ಇತ್ತೀಚಿನ ಇತಿಹಾಸ ಹೇಳಬೇಕಂದ್ರೆ ಆ ಚೈನನ್ನ ಬಿಟ್ಟು ಹೇಳೋಕಾಗಲ್ಲ.

ಊರು ಗೊತ್ತಿಲ್ಲದವರಿಗೆ ಹೇಳ್ತೀನಿ. ಗಂಗಾವತಿಯಿಂದ ಕಾರಟಗಿ ಕಡೆ ಹೊರಟರೆ ದಾರಿಯಲ್ಲಿ ಸಿದ್ದಾಪುರ ಸಿಗುತ್ತೆ. ರಸ್ತೆಯ ಎರಡೂ ಬದಿ ಭತ್ತ. ಆ ಭತ್ತಕ್ಕೆ ನೀರು ಬರೋದು ತುಂಗಭದ್ರಾ ಎಡದಂಡೆ ಕಾಲುವೆಯಿಂದ. ಕಾಲುವೆ ಹುಟ್ಟೋದು ಮುನಿರಾಬಾದ್ ಹತ್ತಿರ, ಡ್ಯಾಂನ ಎಡ ಮಗ್ಗುಲಲ್ಲಿ. ಅಂದ್ರೆ ಡ್ಯಾಂನಲ್ಲಿ ಏನಾದ್ರೂ ಆದ್ರೆ ಅದರ ಬಿಲ್ಲು ನಮ್ಮ ಗದ್ದೆಗೆ ಬರುತ್ತೆ.

ಡ್ಯಾಂ ಕೆಲಸ ಶುರುವಾಗಿದ್ದು 1945ರ ಫೆಬ್ರವರಿ 28ಕ್ಕೆ. ಆಗ ನದಿಯ ಎಡದಂಡೆ ಹೈದರಾಬಾದ್ ನಿಜಾಮರದ್ದು, ಬಲದಂಡೆ ಮದ್ರಾಸ್ ಸರ್ಕಾರದ್ದು. ಅದಕ್ಕೇ ಎರಡೂ ಕಡೆ ಬೇರೆ ಬೇರೆ ಅಡಿಗಲ್ಲು ಹಾಕಿದ್ರು. ಎಡಗಡೆ ನಿಜಾಮರ ಮಗ ಬೇರಾರ್ ರಾಜಕುಮಾರ, ಬಲಗಡೆ ಮದ್ರಾಸ್ ಗವರ್ನರ್ ಆರ್ಥರ್ ಹೋಪ್. 1953ರಲ್ಲಿ ಡ್ಯಾಂ ನೀರು ಕೊಡೋಕೆ ಶುರು ಮಾಡಿತು.

ಈಗ ಗೇಟಿನ ವಿಷಯ. ಡ್ಯಾಂ ಮೇಲೆ 33 ಕ್ರೆಸ್ಟ್ ಗೇಟ್ ಇವೆ. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಡ್ಯಾಂನ ಪೂರ್ಣ ಮಟ್ಟ 1633 ಅಡಿ. ಅದರಲ್ಲಿ ಮೇಲಿನ 20 ಅಡಿ ನೀರನ್ನ ಹಿಡಿದಿಟ್ಟಿರೋದು ಕಲ್ಲಿನ ಗೋಡೆ ಅಲ್ಲ, ಈ ಗೇಟ್‌ಗಳು. ಜಲಾಶಯ ಮೇಲಕ್ಕೆ ಹೋದಷ್ಟೂ ಅಗಲ ಆಗುತ್ತಲ್ಲ, ಹಂಗಾಗಿ 105.788 ಟಿಎಂಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಆ 20 ಅಡಿಯಲ್ಲೇ ಇದೆ. ಕಟ್ಟಿದಾಗ ಸಾಮರ್ಥ್ಯ ಸುಮಾರು 133 ಟಿಎಂಸಿ ಇತ್ತು, ಉಳಿದದ್ದನ್ನ ಹೂಳು ತಿಂದಿದೆ. ಅದು ಇನ್ನೊಂದು ಕಂತಿನ ಕಥೆ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಯ್ತು. ಗೇಟು ಕೊಚ್ಚಿಕೊಂಡು ಹೋಯ್ತು. ಡ್ಯಾಂ ಪೂರ್ತಿ ತುಂಬಿತ್ತು. ಆ ಒಂದೇ ಬಾಯಿಂದ ಸುಮಾರು 35 ಸಾವಿರ ಕ್ಯುಸೆಕ್ ನೀರು ಹೊರಗೆ. ಲೆಕ್ಕ ಹಾಕಿ ನೋಡ್ರಿ: ಸೆಕೆಂಡಿಗೆ 35 ಸಾವಿರ ಘನ ಅಡಿ ಅಂದ್ರೆ ಒಂದು ದಿನಕ್ಕೆ 3 ಟಿಎಂಸಿ. ಮೇಲಾಗಿ ಒತ್ತಡ ಇಳಿಸೋಕೆ ಬೇರೆ ಗೇಟ್‌ಗಳನ್ನೂ ತೆಗೀಬೇಕಾಯ್ತು. ರಿಪೇರಿಗೆ 60 ಟಿಎಂಸಿಗೂ ಹೆಚ್ಚು ನೀರು ಖಾಲಿ ಮಾಡಬೇಕಾಗಬಹುದು ಅನ್ನೋ ಮಾತು ಬಂದಾಗ ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ನಾಲ್ಕೂ ಜಿಲ್ಲೆಯ ರೈತರ ಎದೆ ಧಸಕ್ ಅಂತು. ಕೆಳಗೆ ಆಂಧ್ರ, ತೆಲಂಗಾಣದವರಿಗೂ ಇದೇ ನೀರಲ್ಲಿ ಪಾಲು ಇದೆ.

ಇಲ್ಲಿ ಡ್ಯಾಂನ ಹಳೇ ಕೊರತೆಯೊಂದು ಹೊರಬಿತ್ತು. ಗೇಟು ಕೈಕೊಟ್ಟರೆ ಅದರ ಮುಂದೆ ಇಳಿಸಿ ನೀರು ನಿಲ್ಲಿಸೋಕೆ ಸ್ಟಾಪ್‌ಲಾಗ್ ಅಂತ ತುಂಡು ಗೇಟ್‌ಗಳು ಇರ್ತವೆ. ತುಂಗಭದ್ರೆಗೆ ಅದು ಇರಲೇ ಇಲ್ಲ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ಸ್ಟಾಪ್‌ಲಾಗನ್ನ ಹೊಸದಾಗಿ ಮಾಡಿಸಿ, ಹರಿಯೋ ನೀರಲ್ಲೇ ಇಳಿಸಿದ್ರು. ಆಗಸ್ಟ್ 16ಕ್ಕೆ ಮೊದಲನೇ ತುಂಡು ಕೂತಿತು, 17ಕ್ಕೆ ಐದೂ ಕೂತವು. ಡ್ಯಾಂನಲ್ಲಿ ಆಗ ಉಳಿದಿದ್ದು 70 ಟಿಎಂಸಿ ಆಸುಪಾಸು. ಆಮೇಲೆ ಮಳೆ ಚೆನ್ನಾಗಿ ಬಂತು, ಡ್ಯಾಂ ಮತ್ತೆ ತುಂಬಿತು. ಎಲ್ಲರೂ ಉಸಿರು ಬಿಟ್ಟರು.

ಇದು ನಮ್ಮಲ್ಲಿ ಮಾತ್ರ ಆಗಿದ್ದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫೋಲ್ಸಮ್ ಅನ್ನೋ ಡ್ಯಾಂ ಇದೆ, ಹೆಚ್ಚುಕಮ್ಮಿ ನಮ್ಮ ಡ್ಯಾಂ ವಯಸ್ಸಿನದ್ದು. 1995ರ ಜುಲೈ 17ರಂದು ಗೇಟು ಎತ್ತುವಾಗಲೇ ಮುರಿದು, ಜಲಾಶಯದ ಸುಮಾರು 40% ನೀರು ಹೋಯ್ತು. ಕಾರಣ ಏನು ಗೊತ್ತಾ? ಗೇಟು ತಿರುಗೋ ಪಿನ್ನಿಗೆ ತುಕ್ಕು ಹಿಡಿದು, ಸರಿಯಾಗಿ ಗ್ರೀಸ್ ಸಿಗದೆ, ಘರ್ಷಣೆ ಹೆಚ್ಚಾಗಿತ್ತು. ಪಕ್ಕದ ಆಂಧ್ರದ ಪುಲಿಚಿಂತಲದಲ್ಲಿ 2021ರ ಆಗಸ್ಟ್‌ನಲ್ಲಿ 16ನೇ ಗೇಟು ಕೊಚ್ಚಿಹೋಯ್ತು.

ಯೂಟ್ಯೂಬಲ್ಲಿ ಮೋಟರ್‌ಹೋಮ್ ವಿಡಿಯೋ ನೋಡಿರ್ತೀರಿ, ಮನೆಯಂಥ ಬಸ್ಸು. ಬಟನ್ ಒತ್ತಿದ್ರೆ ಒಂದು ಗೋಡೆ ಹೊರಗೆ ಸರಿದು ರೂಮು ದೊಡ್ಡದಾಗುತ್ತೆ. ಅದಕ್ಕೆ ಸ್ಲೈಡ್-ಔಟ್ ಅಂತಾರೆ. 1990ರಲ್ಲಿ ನ್ಯೂಮಾರ್ ಕಂಪನಿ ಮೋಟರ್‌ಹೋಮಿಗೆ ಅದನ್ನ ತಂದಿತು. ಅದರ ಕಾಯಿಲೆಗಳೂ ಇವೇ: ಕೇಬಲ್ ಸಡಿಲ ಆಗೋದು, ಎರಡು ತುದಿ ಒಟ್ಟಿಗೆ ಸರಿಯದೆ ಓರೆಯಾಗಿ ಸಿಕ್ಕಿಬೀಳೋದು, ರಬ್ಬರ್ ಸೀಲ್ ಸವೆದು ನೀರು ಸೋರೋದು. ಆದ್ರೆ ಮೋಟಾರ್ ಕೆಟ್ಟರೆ ಕೈಯಲ್ಲೇ ಒಳಗೆ ಎಳೆಯೋ ವ್ಯವಸ್ಥೆಯನ್ನ ಸಾಮಾನ್ಯವಾಗಿ ಕೊಟ್ಟಿರ್ತಾರೆ. ಒಂದು ಕುಟುಂಬದ ಪ್ರವಾಸಕ್ಕೆ ಇರೋ ಬದಲಿ ವ್ಯವಸ್ಥೆ, ಮೂರು ರಾಜ್ಯಕ್ಕೆ ನೀರು ಕೊಡೋ ಡ್ಯಾಂನಲ್ಲಿ 70 ವರ್ಷ ಇರಲಿಲ್ಲ.

ನಾನು ಓದಿದ್ದು ಬಿಕಾಂ, ಇಂಜಿನಿಯರಿಂಗ್ ಅಲ್ಲ. ಆದ್ರೆ ಬಿಕಾಂನಲ್ಲಿ ಕಲಿಸೋ ಒಂದು ಪದ ಇಲ್ಲಿ ಕೆಲಸಕ್ಕೆ ಬರುತ್ತೆ: ಸವಕಳಿ. ಜಮೀನಿಗೆ ಸವಕಳಿ ಹಾಕಲ್ಲ, ಯಂತ್ರಕ್ಕೆ ಹಾಕ್ತಾರೆ. ಯಾಕಂದ್ರೆ ಯಂತ್ರಕ್ಕೆ ಆಯಸ್ಸು ಅಂತ ಒಂದಿದೆ. ಅದು ಮುಗಿಯೋ ಹೊತ್ತಿಗೆ ಹೊಸದಕ್ಕೆ ದುಡ್ಡು ಸಿದ್ಧ ಇರಬೇಕು. ನಾವೆಲ್ಲ ಡ್ಯಾಂ ಅನ್ನೋದನ್ನ ಬೆಟ್ಟದ ಹಾಗೆ ನೋಡಿದ್ವಿ, ಅಲ್ಲೇ ಇರುತ್ತೆ ಅಂತ. ಗೋಡೆ ಬೆಟ್ಟ ಇರಬಹುದು, ಗೇಟು ಯಂತ್ರ.

ಇದನ್ನ ಅರ್ಥ ಮಾಡ್ಕೊಳ್ಳೋಕೆ ದೂರ ಹೋಗಬೇಕಿಲ್ಲ. ಆನೆಗೊಂದಿ, ಗಂಗಾವತಿ ಭಾಗದಲ್ಲಿ ವಿಜಯನಗರ ಕಾಲದ ಕಾಲುವೆಗಳು ಇವತ್ತಿಗೂ ಗದ್ದೆಗೆ ನೀರು ಕೊಡ್ತಿವೆ. ನದಿಗೆ ಅಡ್ಡ ಕಲ್ಲಿನ ಒಡ್ಡು, ಪಕ್ಕದಲ್ಲಿ ಕಾಲುವೆ. ಪ್ರವಾಹ ಬಂದ್ರೆ ನೀರು ಒಡ್ಡಿನ ಮೇಲೆ ಹಾಯ್ದು ಹೋಗುತ್ತೆ. ಚೈನಿಲ್ಲ, ಮೋಟಾರಿಲ್ಲ, ತುಂಡಾಗೋಕೆ ಏನೂ ಇಲ್ಲ. ಆದ್ರೆ ಆ ಒಡ್ಡು ನೀರನ್ನ ತಿರುಗಿಸುತ್ತೆ ಅಷ್ಟೇ, ಬೇಸಿಗೆಗೆ ಕೂಡಿಡೋಕಾಗಲ್ಲ. ನಮ್ಮ ಎರಡನೇ ಬೆಳೆ ನಿಂತಿರೋದೇ ಕೂಡಿಟ್ಟ ನೀರಿನ ಮೇಲೆ. ಆ ಲಾಭಕ್ಕೆ ಕೊಡಬೇಕಾದ ಬೆಲೆಯೇ ಗೇಟಿನ ಸವಕಳಿ.

ಬೆಲೆ ಕೊನೆಗೂ ಬಂತು. ಎ.ಕೆ. ಬಜಾಜ್ ನೇತೃತ್ವದ ತಜ್ಞರ ಸಮಿತಿ 33 ಗೇಟನ್ನೂ ಬದಲಿಸಿ ಅಂತು. ಹಳೇ ಗೇಟ್‌ಗಳ ಮೇಲೆ ಭಾರ ಹಾಕಬಾರದು ಅಂತ 2025ರ ಮುಂಗಾರಲ್ಲಿ ಸಂಗ್ರಹವನ್ನ 80 ಟಿಎಂಸಿಗೆ ಮಿತಿ ಮಾಡಿದ್ರು. ಮಳೆ ಚೆನ್ನಾಗಿ ಬಂದರೂ 25 ಟಿಎಂಸಿ ಜಾಗ ಖಾಲಿ. ಹೊಸ ಗೇಟು ಕೂರಿಸಬೇಕಂದ್ರೆ ನೀರಿನ ಮಟ್ಟ ಇಳೀಬೇಕು. ಹಂಗಾಗಿ ಆ ವರ್ಷದ ಎರಡನೇ ಬೆಳೆಗೆ ನೀರಿಲ್ಲ ಅಂತ ತೀರ್ಮಾನ ಆಯ್ತು.

ಇದರ ಅರ್ಥ ಸಿದ್ದಾಪುರದಲ್ಲಿ ಏನು? ಇಡೀ ವರ್ಷಕ್ಕೆ ಅಂತ ಗದ್ದೆ ಲೀಜಿಗೆ ಹಿಡಿದವರು ಒಂದೇ ಬೆಳೆಯಲ್ಲಿ ಎರಡು ಬೆಳೆಯ ದುಡ್ಡು ಎತ್ತಬೇಕು. ನಾಟಿಗೆ ಹೋಗೋ ಹೆಣ್ಣುಮಕ್ಕಳಿಗೆ ಆ ಹಂಗಾಮಿನ ಕೂಲಿ ಇಲ್ಲ. ದನಕ್ಕೆ ಹುಲ್ಲು ಕಮ್ಮಿ. ಕಾರಟಗಿ, ಗಂಗಾವತಿ ರೈಸ್‌ಮಿಲ್ಲಿಗೆ ಬರೋ ಭತ್ತ ಕಮ್ಮಿ, ಅಲ್ಲಿನ ಹಮಾಲರಿಗೆ ಮೂಟೆ ಕಮ್ಮಿ. ದಶಕಗಳ ಕಾಲ ಹಂಚಿಕೊಂಡು ಕೊಡಬಹುದಾಗಿದ್ದ ಬೆಲೆಯನ್ನ ಒಂದೇ ಹಂಗಾಮಿನಲ್ಲಿ ಕೊಟ್ಟವರು ಇವರು. ಗೇಟು ಬದಲಿಸಬಾರದಿತ್ತು ಅಂತ ನಾನು ಹೇಳ್ತಿಲ್ಲ. ಬದಲಿಸಲೇಬೇಕಿತ್ತು. ಆದ್ರೆ ಸರದಿ ಪ್ರಕಾರ ವರ್ಷಕ್ಕೆ ಒಂದೆರಡು ಗೇಟು ಬದಲಿಸ್ತಾ ಬಂದಿದ್ರೆ ಇಡೀ ಬೆಳೆ ಬಿಡೋ ಪರಿಸ್ಥಿತಿ ಬರ್ತಿತ್ತಾ?

ಹೊಸ ಗೇಟಿಗೂ ಮೊದಲ ದಿನದಿಂದಲೇ ತುಕ್ಕು ಶುರು. ಅದಕ್ಕೇ ಪ್ರತಿ ಹಂಗಾಮಿಗೆ ನೀರಾವರಿ ಸಲಹಾ ಸಮಿತಿ ಸಭೆ ಆದಾಗ ನಾವು ಎರಡು ಪ್ರಶ್ನೆ ಕೇಳ್ತೀವಿ: ಎಷ್ಟು ನೀರು, ಯಾವಾಗಿಂದ? ಇನ್ನು ಮೇಲೆ ಇನ್ನೆರಡು ಸೇರಿಸೋಣ. ಚೈನು ಪರೀಕ್ಷೆ ಮಾಡಿದ್ದು ಯಾವಾಗ? ಸ್ಟಾಪ್‌ಲಾಗ್ ಎಲ್ಲಿಟ್ಟಿದೀರಿ? ನಿಮ್ಮ ಊರಿನ ಕಾಲುವೆ, ಕೆರೆ ತೂಬು, ಗೇಟಿನ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ಕಂತಿನಲ್ಲಿ ಹೂಳಿನ ಲೆಕ್ಕ ತೆಗೆಯೋಣ.